ಅಮ್ಮನ ಹಿಮೋಗ್ಲೋಬಿನ್ 7.4, ಮಾತ್ರೆ ತಿಂದರೂ ಏರುತ್ತಿಲ್ಲ. ಮುಂದೇನು ಮಾಡೋದು?

ತಿಪಟೂರು_ಹುಡುಗಿ:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 46 ವರ್ಷ, ಊರಲ್ಲೇ ಇದ್ದಾರೆ, ನಾನು ಕೆಲಸಕ್ಕೆ ಅಂತ ಬೆಂಗಳೂರಲ್ಲಿದ್ದೇನೆ. ತುಂಬಾ ದಿನದಿಂದ ಸುಸ್ತು ಅಂತಿದ್ದರು. ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ಬಾಚಿದಾಗೆಲ್ಲ ಕೂದಲು ಕೈತುಂಬಾ ಬರುತ್ತೆ. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ವೀಕ್‌ನೆಸ್ ಅಂತ ಗ್ಲುಕೋಸ್ ಹಾಕಿ ಕಳಿಸಿದರು, ಎರಡು ದಿನ ಪರವಾಗಿಲ್ಲ ಅನ್ನಿಸಿತು, ಮತ್ತೆ ಅದೇ ಕಥೆ. ಕೊನೆಗೆ ನಾನೇ ಹಟ ಮಾಡಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 7.4 ಬಂತು. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಾದ ಮೇಲೆ ನೋಡಿದರೆ 7.6!

ರಿಪೋರ್ಟಲ್ಲಿ ಬೇರೆ ಏನೇನೋ ಇದೆ. ಆರ್‌ಬಿಸಿ 3.9, ಎಂಸಿವಿ 64, ಎಂಸಿಎಚ್ 19, ಆರ್‌ಡಿಡಬ್ಲ್ಯು 19.8. ಪ್ಲೇಟ್‌ಲೆಟ್ 4.7 ಲಕ್ಷ, ಅದರ ಮುಂದೆ ಕೆಂಪಕ್ಷರದಲ್ಲಿ ಹೈ ಅಂತ ಇದೆ, ಅದನ್ನು ನೋಡಿ ನನಗೆ ಇನ್ನೂ ಗಾಬರಿ. ಬಿಳಿ ರಕ್ತಕಣ ಸರಿಯಾಗಿದೆ.

ಅಮ್ಮ ಥೈರಾಯ್ಡ್ ಮಾತ್ರೆ ಮೊದಲಿಂದಲೂ ತಗೋತಾರೆ. ಗ್ಯಾಸ್ ಮಾತ್ರೆಯೂ ಇದೆ. ನಾವು ಮೊಟ್ಟೆ ಮಾಂಸ ತಿನ್ನಲ್ಲ. ಮುಟ್ಟು ಜಾಸ್ತಿನಾ ಅಂತ ಕೇಳಿದರೆ "ಈ ವಯಸ್ಸಲ್ಲಿ ಎಲ್ಲರಿಗೂ ಹಾಗೇ ಕಣೇ" ಅಂತ ಮಾತು ಮುಗಿಸಿಬಿಡುತ್ತಾರೆ. ಬೀಟ್ರೂಟ್, ದಾಳಿಂಬೆ, ಖರ್ಜೂರ ಎಲ್ಲಾ ಕೊಡ್ತಾ ಇದ್ದೇವೆ. ರಕ್ತ ಹಾಕಿಸಬೇಕಾ? ಕ್ಯಾನ್ಸರ್ ಏನಾದರೂ ಇರಬಹುದಾ? ಯಾರಿಗಾದರೂ ಗೊತ್ತಿದ್ದರೆ ಹೇಳಿ ಪ್ಲೀಸ್.

ಬಿಸಿಬೇಳೆ_ಪ್ರಿಯ:

ತಂಗಿ, ಗಾಬರಿ ಆಗಬೇಡ. ನಮ್ಮ ಅತ್ತಿಗೆಗೆ 9 ಇತ್ತು, ದಿನಾ ಬೆಳಿಗ್ಗೆ ಬೀಟ್ರೂಟ್ ಕ್ಯಾರೆಟ್ ಜ್ಯೂಸ್ ಕುಡಿದು 12 ಆಯ್ತು. ಇಂಗ್ಲಿಷ್ ಮಾತ್ರೆ ಉಷ್ಣ, ಹೊಟ್ಟೆ ಕೆಡಿಸುತ್ತೆ. ನುಗ್ಗೆಸೊಪ್ಪು, ರಾಗಿ, ಬೆಲ್ಲ ಜಾಸ್ತಿ ಮಾಡಿ. ತಾನಾಗೇ ಏರುತ್ತೆ.

ಕೆಂಪುಕಣ:

ನಾನು ಲ್ಯಾಬ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಆದರೆ ಇಂಥ ರಿಪೋರ್ಟ್ ದಿನಾ ನೋಡ್ತೇನೆ, ಅದಕ್ಕೇ ಅಂಕಿಗಳ ಬಗ್ಗೆ ಮಾತ್ರ ಹೇಳ್ತೇನೆ.

ಗರ್ಭಿಣಿ ಅಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ, 8ಕ್ಕಿಂತ ಕೆಳಗೆ ಹೋದರೆ ತೀವ್ರ. ನಿಮ್ಮ ಅಮ್ಮನದು ತೀವ್ರದ ಸಾಲಿಗೇ ಬರುತ್ತೆ, ಜ್ಯೂಸ್ ಕುಡಿದುಕೊಂಡು ಕೂರುವ ಹಂತ ಅಲ್ಲ. ಎಂಸಿವಿ ಅಂದರೆ ಒಂದು ಕೆಂಪು ರಕ್ತಕಣದ ಸರಾಸರಿ ಗಾತ್ರ. 80ರಿಂದ 100 ಇರಬೇಕು, ಇಲ್ಲಿ 64. ಕಣಗಳು ಪುಟ್ಟದಾಗಿವೆ. ಎಂಸಿಎಚ್ ಕಡಿಮೆ ಅಂದರೆ ಆ ಪುಟ್ಟ ಕಣದ ಒಳಗೂ ಬಣ್ಣ ಕಡಿಮೆ. ಆರ್‌ಡಿಡಬ್ಲ್ಯು ಜಾಸ್ತಿ ಅಂದರೆ ಕಣಗಳು ಒಂದೇ ಅಳತೆಯಲ್ಲಿಲ್ಲ, ಚಿಕ್ಕದು ದೊಡ್ಡದು ಎಲ್ಲಾ ಕಲೆತಿವೆ. ಸ್ಲೈಡ್ ಮೇಲೆ ಹಚ್ಚಿ ಮೈಕ್ರೋಸ್ಕೋಪಲ್ಲಿ ನೋಡಿದರೆ ಇಂಥವರ ರಕ್ತಕಣ ನಡುವೆ ಬಿಳಿಚಿಕೊಂಡು ಬರೀ ಅಂಚು ಮಾತ್ರ ಉಳಿದ ಹಾಗೆ ಕಾಣುತ್ತೆ, ಜೊತೆಗೆ ಪೆನ್ಸಿಲ್ ಥರ ಉದ್ದುದ್ದ ಕಣಗಳೂ ಇರುತ್ತವೆ. ಈ ಮೂರೂ ಸೇರಿದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆಯೇ.

ಇನ್ನೊಂದು ಸಾಧ್ಯತೆ ಥಲಸ್ಸೀಮಿಯಾ ಮೈನರ್, ಅದು ಹುಟ್ಟಿನಿಂದ ಬರುವ ಹಿಮೋಗ್ಲೋಬಿನ್ ದೋಷ. ಅದರಲ್ಲೂ ಎಂಸಿವಿ ಕಡಿಮೆ, ಆದರೆ ಆರ್‌ಬಿಸಿ, ಅಂದರೆ ಕೆಂಪು ರಕ್ತಕಣಗಳ ಸಂಖ್ಯೆ, ಚೆನ್ನಾಗೇ ಇರುತ್ತೆ, 5ರ ಮೇಲೂ ಇರಬಹುದು. ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿ ನೋಡುವ ಒಂದು ಸುಲಭದ ಲೆಕ್ಕ ಇದೆ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ಕಡೆ ಅನುಮಾನ, ಜಾಸ್ತಿ ಬಂದರೆ ಕಬ್ಬಿಣದ ಕಡೆ. ನಿಮ್ಮದು 64 ಭಾಗಿಸು 3.9, ಹದಿನಾರು ಚಿಲ್ಲರೆ. ಇದು ಬರೀ ಅಂದಾಜು, ತೀರ್ಪಲ್ಲ.

ತೀರ್ಪು ಬೇಕು ಅಂದರೆ ಫೆರಿಟಿನ್ ಮಾಡಿಸಿ. ದೇಹ ಕಬ್ಬಿಣವನ್ನು ಕೂಡಿಡುವ ಕಣಜ ಅದು. ಕಣಜದ ತಳ ಕಾಣಿಸಿದ ಮೇಲೇ ಹಿಮೋಗ್ಲೋಬಿನ್ ಇಳಿಯೋದು. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಮಾತೇ ಇಲ್ಲ, 30ರ ಒಳಗಿದ್ದರೂ ಬಹಳ ಡಾಕ್ಟರ್‌ಗಳು ಕೊರತೆ ಅಂತಲೇ ತಗೋತಾರೆ. ಜ್ವರ, ಸೋಂಕು, ಸಂಧಿವಾತ ಇದ್ದಾಗ ಮಾತ್ರ ಮಾಡಿಸಬೇಡಿ, ಆಗ ಫೆರಿಟಿನ್ ಸುಮ್ನೆ ಏರಿರುತ್ತೆ, ಎಲ್ಲಾ ಸರಿ ಇದೆ ಅನ್ನೋ ಹಾಗೆ ತೋರಿಸಿಬಿಡುತ್ತೆ. ಜೊತೆಗೆ ಬಿ12 ಕೂಡ ನೋಡಿಸಿ, ಮಾಂಸ ಮೊಟ್ಟೆ ತಿನ್ನದವರಲ್ಲಿ ಎರಡೂ ಒಟ್ಟಿಗೆ ಕಡಿಮೆ ಇರೋದು ಅಪರೂಪವೇನಲ್ಲ.

ಪ್ಲೇಟ್‌ಲೆಟ್ 4.7 ಲಕ್ಷಕ್ಕೆ ಹೆದರಬೇಡಿ. ಕಬ್ಬಿಣ ಕಡಿಮೆ ಆದಾಗ ಪ್ಲೇಟ್‌ಲೆಟ್ ಸ್ವಲ್ಪ ಏರೋದು ಇದ್ದದ್ದೇ. ಕಬ್ಬಿಣ ತುಂಬಿದ ಮೇಲೆ ಇಳಿಯುತ್ತೆ.

ಮಲೆನಾಡ_ಮಳೆ:

ತಂಗಿ, ಒಂದು ವಿಚಿತ್ರ ಪ್ರಶ್ನೆ ಕೇಳ್ತೇನೆ. ಅಮ್ಮ ಅಕ್ಕಿ ಆರಿಸುವಾಗ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ತಾರಾ? ಅಥವಾ ಬಳಪ, ಮಣ್ಣು, ಐಸ್? ನನಗೆ ಆಗ ಹಸಿ ಅಕ್ಕಿ ಹುಚ್ಚು ಹಿಡಿದಿತ್ತು, ಮೊರ ಹಿಡಿದು ಕೂತರೆ ಒಂದು ಹಿಡಿ ಖಾಲಿ, ಅತ್ತೆ "ಇನ್ನೊಂದು ಮದುವೆ ಆಗುತ್ತೆ ನಿಂಗೆ" ಅಂತ ರೇಗಿಸೋರು. ಅದೂ ಕಬ್ಬಿಣದ ಕೊರತೆಯ ಲಕ್ಷಣ ಅಂತ ಡಾಕ್ಟರಮ್ಮ ಹೇಳಿದ ಮೇಲೇ ಗೊತ್ತಾಗಿದ್ದು.

ಇನ್ನು "ಮುಟ್ಟು ಜಾಸ್ತಿನಾ" ಅಂತ ಕೇಳಿದರೆ ನಮ್ಮ ಅಮ್ಮಂದಿರು ಯಾರೂ ಹೌದು ಅನ್ನಲ್ಲ. ಅವರಿಗೆ ಅದೇ ಅಭ್ಯಾಸ ಆಗಿಹೋಗಿರುತ್ತೆ. ಹೀಗೆ ಕೇಳಿ ನೋಡಿ: ರಾತ್ರಿ ಪ್ಯಾಡ್ ಬದಲಿಸಕ್ಕೆ ಅಂತಲೇ ಏಳ್ತೀರಾ? ಒಂದೆರಡು ಗಂಟೆಗೇ ಒದ್ದೆ ಆಗುತ್ತಾ? ಗಡ್ಡೆ ಗಡ್ಡೆಯಾಗಿ ಹೋಗುತ್ತಾ? ಏಳು ದಿನ ದಾಟುತ್ತಾ? ಆ ದಿನಗಳಲ್ಲಿ ಮದುವೆ ಮುಂಜಿಗೆ ಹೋಗೋದೇ ಬಿಟ್ಟಿದ್ದೀರಾ? ಒಂದಕ್ಕೆ ಹೌದು ಅಂದರೂ ಸ್ತ್ರೀರೋಗ ತಜ್ಞರ ಹತ್ತಿರ ಕರಕೊಂಡು ಹೋಗಿ, ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿ. ನನಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇತ್ತು. ಅದು ಕ್ಯಾನ್ಸರ್ ಗಡ್ಡೆ ಅಲ್ಲ, ಆದರೆ ತಿಂಗಳು ತಿಂಗಳೂ ರಕ್ತ ಹರಿಸುತ್ತೆ. ಅದಕ್ಕೆ ಏನೂ ಮಾಡದೆ ಬರೀ ಮಾತ್ರೆ ನುಂಗುತ್ತಿದ್ದಾಗ ಏರಿದ್ದೆಲ್ಲ ಮುಂದಿನ ಮುಟ್ಟಿಗೆ ಇಳಿಯುತ್ತಿತ್ತು.

ರಾತ್ರಿಪಾಳಿ:

ನಾನು ಮೆಡಿಸಿನ್ ವಿಭಾಗದ ಡಾಕ್ಟರ್. ರೋಗಿಯನ್ನು ನೋಡದೆ ಔಷಧಿ ಬರೆಯಲ್ಲ, ಆದರೆ ಇಲ್ಲಿ ಕೆಲವು ವಿಷಯ ಹೇಳಲೇಬೇಕು.

ಮೊದಲು ಬೀಟ್ರೂಟ್. ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ ಬಿಸಿಬೇಳೆಯವರೇ. 100 ಗ್ರಾಂ ಬೀಟ್ರೂಟ್‌ನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ, ಅದರಲ್ಲೂ ಗಿಡದ ಕಬ್ಬಿಣ ಮೈಗೆ ಹತ್ತುವುದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಈಗ ಬೇಕಾಗಿರೋದು ಎಷ್ಟು ನೋಡಿ. ನಾವು ಬಳಸುವ ಸೂತ್ರ ಹೀಗಿದೆ: ತೂಕವನ್ನು, 15ರಿಂದ ಹಿಮೋಗ್ಲೋಬಿನ್ ಕಳೆದು ಉಳಿದದ್ದರಿಂದ ಗುಣಿಸಿ, ಮತ್ತೆ 2.4ರಿಂದ ಗುಣಿಸಿ, ಕಣಜ ತುಂಬಲು ಅಂತ 500 ಸೇರಿಸಬೇಕು. ಅಮ್ಮ 52 ಕೆ.ಜಿ. ಅಂತ ಇಟ್ಟುಕೊಂಡರೆ 7.4ಕ್ಕೆ ಸುಮಾರು 1450 ಮಿಲಿಗ್ರಾಂ. ಇದನ್ನು ಬೀಟ್ರೂಟಲ್ಲಿ ತುಂಬೋಕೆ ಹೊರಟರೆ ತರಕಾರಿ ಅಂಗಡಿಯವನು ಶ್ರೀಮಂತ ಆಗ್ತಾನೆ ಅಷ್ಟೆ. ರಾಗಿ, ಸೊಪ್ಪು, ಕಾಳು ಖಂಡಿತ ತಿನ್ನಲಿ, ಮೊಳಕೆ ಕಟ್ಟಿದರೆ ಇನ್ನೂ ಒಳ್ಳೇದು, ಮೇಲೆ ನಿಂಬೆಹಣ್ಣು ಹಿಂಡಲಿ. ಅದು ಮುಂದೆ ಮತ್ತೆ ಕೊರತೆ ಬರದ ಹಾಗೆ ನೋಡಿಕೊಳ್ಳೋಕೆ ಸಹಾಯ ಮಾಡುತ್ತೆ. ಈಗಿರುವ ಹಳ್ಳ ತುಂಬಲ್ಲ.

ಇನ್ನು ಮಾತ್ರೆ ಯಾಕೆ ಕೆಲಸ ಮಾಡಲಿಲ್ಲ ಅನ್ನೋದು. ಸರಿಯಾಗಿ ತಗೊಂಡರೆ ಎರಡು ಮೂರು ವಾರದಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಬೇಕು. ಏರಲಿಲ್ಲ ಅಂದರೆ ಒಂದೋ ಮಾತ್ರೆ ಹೊಟ್ಟೆಗೆ ಹೋಗ್ತಿಲ್ಲ, ಇಲ್ಲಾ ಹೋದದ್ದು ಮೈಗೆ ಹತ್ತುತ್ತಿಲ್ಲ, ಇಲ್ಲಾ ಹತ್ತಿದ್ದಕ್ಕಿಂತ ಜಾಸ್ತಿ ರಕ್ತ ಹೊರಗೆ ಹೋಗ್ತಿದೆ. ತಗೋತಿದ್ದೀರಾ ಅಂತ ಕೇಳಬೇಡಿ, ಹೌದು ಅಂತಲೇ ಹೇಳ್ತಾರೆ. ಸ್ಟ್ರಿಪ್ ತೆಗೆದು ಎಷ್ಟು ಉಳಿದಿದೆ ಅಂತ ಎಣಿಸಿ. ಮಲ ಕಪ್ಪಗಾಗಿದ್ದು ನೋಡಿ ಹೆದರಿ ನಿಲ್ಲಿಸುವವರು ಬಹಳ ಜನ. ಕಬ್ಬಿಣಕ್ಕೆ ಮಲ ಕಪ್ಪಾಗೋದು ಸಹಜ. ಮಾತ್ರೆ ಇಲ್ಲದೇನೇ ಕಪ್ಪಗೆ, ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ಮಾತ್ರ ಹೊಟ್ಟೆಯೊಳಗೆ ರಕ್ತ ಸೋರ್ತಿದೆ ಅಂತ ಅನುಮಾನ, ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಅಮ್ಮನ ವಿಷಯದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಥೈರಾಯ್ಡ್ ಮಾತ್ರೆ ಮತ್ತು ಗ್ಯಾಸ್ ಮಾತ್ರೆ. ಬೆಳಿಗ್ಗೆ ಎದ್ದು ಎಲ್ಲಾ ಮಾತ್ರೆ ಒಟ್ಟಿಗೆ ನುಂಗಿ ಮೇಲೆ ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಎರಡೂ ಕೆಡುತ್ತೆ. ಕಬ್ಬಿಣ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಂಡುಬಿಡುತ್ತೆ, ಅದಕ್ಕೆ ನಡುವೆ ನಾಲ್ಕು ಗಂಟೆ ಅಂತರ ಬೇಕು. ಗ್ಯಾಸ್ ಮಾತ್ರೆ ಹೊಟ್ಟೆಯ ಆಮ್ಲ ಕಡಿಮೆ ಮಾಡುತ್ತೆ, ಕಬ್ಬಿಣ ಮೈಗೆ ಹತ್ತಬೇಕಾದರೆ ಆ ಆಮ್ಲ ಬೇಕು. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಲ್ಲಾ ಅಡ್ಡಗಾಲು. ಥೈರಾಯ್ಡ್ ಬೆಳಿಗ್ಗೆ, ಕಬ್ಬಿಣ ಸಂಜೆ ಖಾಲಿ ಹೊಟ್ಟೆಗೆ ನಿಂಬೆ ಪಾನಕದ ಜೊತೆ, ಹೀಗೆ ಬೇರೆ ಮಾಡಿ. ಥೈರಾಯ್ಡ್ ಸರಿಯಾಗಿ ಹತೋಟಿಯಲ್ಲಿ ಇಲ್ಲದಿದ್ದರೂ ಮುಟ್ಟು ಜಾಸ್ತಿ ಹೋಗುತ್ತೆ, ಅದಕ್ಕೆ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತ ಪರೀಕ್ಷೆ ಕೂಡ ಮಾಡಿಸಿ.

ಹೊಟ್ಟೆ ಹಿಡಿದ ಹಾಗೆ, ವಾಕರಿಕೆ ಬಂದ ಹಾಗೆ ಆದರೆ ದಿನಕ್ಕೆ ಎರಡು ಅಂತ ಬರೆದಿದ್ದನ್ನು ದಿನ ಬಿಟ್ಟು ದಿನ ಒಂದು ಮಾಡಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಒಂದು ಮಾತ್ರೆ ನುಂಗಿದ ಮೇಲೆ ಸುಮಾರು ಒಂದು ದಿನ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಬಿಟ್ಟು ಕರುಳಿನ ಬಾಗಿಲು ಅರ್ಧ ಮುಚ್ಚಿಬಿಡುತ್ತೆ. ಹಾಗಾಗಿ ಮೇಲಿಂದ ಮೇಲೆ ನುಂಗಿದರೆ ಲಾಭ ಕಮ್ಮಿ, ಹೊಟ್ಟೆ ಉರಿ ಜಾಸ್ತಿ.

ರಕ್ತ ಹಾಕಿಸಬೇಕಾ ಅಂದಿರಿ. 7ಕ್ಕಿಂತ ಕೆಳಗೆ ಹೋದರೆ, ಎದೆನೋವು ಬಂದರೆ, ಕೂತಲ್ಲೇ ಏದುಸಿರು ಬಂದರೆ, ರಕ್ತಸ್ರಾವ ನಿಲ್ಲದೇ ಹೋಗ್ತಿದ್ದರೆ ಯೋಚಿಸ್ತೇವೆ. 7.6ಕ್ಕೆ ಓಡಾಡಿಕೊಂಡು ಇರುವವರಿಗೆ ಸಾಮಾನ್ಯವಾಗಿ ಬೇಡ. ಮಾತ್ರೆ ಆಗಲ್ಲ ಅಂದರೆ ಕಬ್ಬಿಣವನ್ನೇ ಡ್ರಿಪ್ಪಲ್ಲಿ ಕೊಡಬಹುದು. ಐರನ್ ಸುಕ್ರೋಸ್ ಆದರೆ ಸಲಕ್ಕೆ 200 ಮಿಲಿಗ್ರಾಂ ಅಂತ ಹಲವು ಸಲ ಹೋಗಬೇಕು, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದೇ ಸಲಕ್ಕೆ 1000ದವರೆಗೂ ಆಗುತ್ತೆ. ಅಪರೂಪಕ್ಕೆ ಅಲರ್ಜಿ ಆಗಬಹುದು, ಆದ್ದರಿಂದ ಆಸ್ಪತ್ರೆಯಲ್ಲೇ ಹಾಕಿಸಬೇಕು, ಮುಗಿದ ಮೇಲೂ ಅರ್ಧ ಗಂಟೆ ಕೂರಬೇಕು. ಮನೆಗೆ ನರ್ಸ್ ಕರೆಸಿ ಹಾಕಿಸುವಂಥದ್ದಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಜನಕ್ಕೆ ರಕ್ತಹೀನತೆ ಅಂತ ಬಂತು. ಇಷ್ಟು ಸಾಮಾನ್ಯ ಆಗಿಹೋಗಿರೋದರಿಂದಲೇ ಮನೆಯವರಿಗೂ, ಕೆಲವೊಮ್ಮೆ ನಮ್ಮವರಿಗೂ ಅದು ಕಾಯಿಲೆ ಅಂತಲೇ ಅನ್ನಿಸಲ್ಲ. ಟಾನಿಕ್ ಬರೆದು ಕಳಿಸಿಬಿಡ್ತಾರೆ. ಹಿಮೋಗ್ಲೋಬಿನ್ ಯಾಕೆ ಇಳಿಯಿತು ಅನ್ನೋದಕ್ಕೆ ಉತ್ತರ ಸಿಗೋವರೆಗೂ ಬಿಡಬೇಡಿ.

ದುಬೈ_ಕನ್ನಡಿಗ:

ರಾತ್ರಿಪಾಳಿ ಸಾರ್ ಹೇಳಿದ ಕೊನೆ ಮಾತಿಗೆ ಒಂದು ಸೇರಿಸ್ತೇನೆ. ನಮ್ಮ ದೊಡ್ಡಪ್ಪನಿಗೆ 61ನೇ ವಯಸ್ಸಲ್ಲಿ ಹಿಮೋಗ್ಲೋಬಿನ್ 8 ಆಯ್ತು. ವಯಸ್ಸಾಯ್ತು, ಊಟ ಸೇರಲ್ಲ ಅಂತ ಎಲ್ಲರೂ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಹಾಕಿಸ್ತಾ ಕೂತರು. ಕೊನೆಗೆ ಒಬ್ಬ ಡಾಕ್ಟರ್ ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡೋದು) ಮಾಡಿಸಿದಾಗ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್. ಅಲ್ಲಿ ಸೋರುವ ರಕ್ತ ಕಣ್ಣಿಗೆ ಕಾಣಲ್ವಂತೆ. ಆಪರೇಷನ್ ಆಯ್ತು, ಈಗ ಚೆನ್ನಾಗಿದ್ದಾರೆ. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಕಡಿಮೆ ಆದರೆ ಹೊಟ್ಟೆ ಕರುಳು ನೋಡಿಸಲೇಬೇಕು. ತಂಗಿ, ನಿನ್ನನ್ನು ಹೆದರಿಸೋಕೆ ಅಲ್ಲ, ನಿಮ್ಮಮ್ಮನ ಕಥೆ ಬೇರೆ. ಇದನ್ನು ಓದುತ್ತಿರುವ ಬೇರೆಯವರಿಗೆ.

ರಾತ್ರಿಪಾಳಿ:

ಸರಿಯಾಗಿ ಹೇಳಿದಿರಿ. ಹಾಗೇ ಮೂಲವ್ಯಾಧಿ, ಮಂಡಿನೋವಿಗೆ ಅಂತ ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆಯಿಂದ ಆಗುವ ಹುಣ್ಣು, ಇವನ್ನೂ ಕೇಳಬೇಕು. ತೋಟ ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಇರಬಹುದು, ಮರಿಹುಳು ಅಂಗಾಲಿನ ಚರ್ಮದಿಂದಲೇ ಒಳಗೆ ಹೋಗಿ ಕೊನೆಗೆ ಕರುಳಲ್ಲಿ ಕೂತು ರಕ್ತ ಹೀರುತ್ತೆ. ಅದಕ್ಕೆ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಇದೆ.

ಬಿಸಿಬೇಳೆ_ಪ್ರಿಯ:

ಸಾರ್, ನಮ್ಮ ಅತ್ತಿಗೆಗೆ ಮತ್ತೆ ಹೇಗೆ ಏರಿತು? ಸುಳ್ಳು ಹೇಳ್ತೀನಾ?

ಮಲೆನಾಡ_ಮಳೆ:

ಜ್ಯೂಸ್ ಜೊತೆಗೆ ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆಯನ್ನೂ ನುಂಗಿರುತ್ತಾರೆ, ಕೇಳಿ ನೋಡಿ ಅಣ್ಣ. 😄

ತಿಪಟೂರು_ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಊರಿಗೆ ಹೋಗಿ ಬಂದೆ. ಒಂದೊಂದಾಗಿ ಹೇಳ್ತೇನೆ.

ಮಾತ್ರೆ ಎಣಿಸಿದೆ, ಅರ್ಧಕ್ಕರ್ಧ ಹಾಗೇ ಇದೆ! ಡಬ್ಬದ ತಳದಲ್ಲಿ ಅವಿತಿಟ್ಟಿದ್ದರು. ಕಪ್ಪಗೆ ಹೋಯ್ತು ಅಂತ ಹೆದರಿ ಬಿಟ್ಟಿದ್ದಂತೆ. ತಗೊಂಡ ದಿನಗಳಲ್ಲೂ ಬೆಳಿಗ್ಗೆ ಮೂರೂ ಮಾತ್ರೆ ಒಟ್ಟಿಗೆ, ಮೇಲೆ ಕಾಫಿ. ರಾತ್ರಿಪಾಳಿ ಸಾರ್ ನಮ್ಮನೆ ಅಡುಗೆಮನೆಯಲ್ಲಿ ಕೂತು ನೋಡಿದ ಹಾಗೆ ಹೇಳಿದ್ದಾರೆ. ಹಸಿ ಅಕ್ಕಿ ವಿಷಯ ಕೇಳಿದ್ದಕ್ಕೆ ಅಮ್ಮ ನಕ್ಕುಬಿಟ್ಟರು, "ಅದನ್ನ ನಿಂಗ್ಯಾರು ಹೇಳಿದ್ದು" ಅಂತ. ಮುಟ್ಟಿನ ಪ್ರಶ್ನೆಗಳನ್ನು ಮಳೆ ಅಕ್ಕ ಬರೆದ ಹಾಗೇ ಕೇಳಿದೆ. ರಾತ್ರಿ ಎರಡು ಸಲ ಏಳ್ತಾರಂತೆ, ಹಾಸಿಗೆ ಮೇಲೆ ಹಳೇ ಸೀರೆ ಮಡಿಸಿ ಹಾಸಿಕೊಂಡು ಮಲಗ್ತಾರಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಫೆರಿಟಿನ್ 5 ಬಂತು. ಬಿ12 ಸ್ವಲ್ಪ ಕಡಿಮೆ. ಟಿಎಸ್‌ಎಚ್ 11. ಸ್ಕ್ಯಾನಿಂಗಲ್ಲಿ ಗರ್ಭಕೋಶದ ಒಳಪದರದ ಕಡೆಗೆ ಚಾಚಿಕೊಂಡ ಒಂದು ಫೈಬ್ರಾಯ್ಡ್, 3 ಸೆಂ.ಮೀ. ಡಾಕ್ಟರಮ್ಮ ಮುಟ್ಟಿನ ದಿನಗಳಿಗೆ ಸ್ರಾವ ಕಡಿಮೆ ಮಾಡುವ ಟ್ರನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಟ್ಟಿದ್ದಾರೆ. ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು ಅಂದರು. ಕಬ್ಬಿಣದ ಡ್ರಿಪ್ ಒಂದು ಸಲ ಆಯ್ತು, ಏನೂ ತೊಂದರೆ ಆಗಲಿಲ್ಲ.

ಎರಡು ಪ್ರಶ್ನೆ. ಬಯಾಪ್ಸಿ ಅಂದ ಕೂಡಲೇ ಅಮ್ಮ ಅಳ್ತಾ ಇದ್ದಾರೆ, ಯಾಕೆ ಮಾಡಿಸಬೇಕು? ಮತ್ತೆ ನಮ್ಮ ಚಿಕ್ಕಮ್ಮ "ಹೇಗೂ ಮಕ್ಕಳಾಗಿವೆ, ಗರ್ಭಕೋಶ ತೆಗೆಸಿಬಿಡಿ, ರಗಳೆ ಇರಲ್ಲ" ಅಂತಿದ್ದಾರೆ. ಸರೀನಾ?

ರಾತ್ರಿಪಾಳಿ:

45 ದಾಟಿದವರಿಗೆ ಸ್ರಾವ ಹೆಚ್ಚಾದಾಗ ಒಳಪದರದ ಚೂರು ಪರೀಕ್ಷೆಗೆ ಕಳಿಸೋದು ವಾಡಿಕೆ. ಅನುಮಾನ ಇದ್ದೇ ಕಳಿಸ್ತಾರೆ ಅಂತಲ್ಲ, ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ ಕಳಿಸ್ತಾರೆ. ಅಮ್ಮನಿಗೆ ಹಾಗೇ ಹೇಳಿ. ತೆಳುವಾದ ನಳಿಕೆ ಹಾಕಿ ಕೆಲವೇ ನಿಮಿಷದಲ್ಲಿ ಮುಗಿಸ್ತಾರೆ, ಮುಟ್ಟಿನ ನೋವಿನ ಥರ ಸ್ವಲ್ಪ ಹೊಟ್ಟೆ ಹಿಂಡಬಹುದು.

ಟಿಎಸ್‌ಎಚ್ 11 ನೋಡಿ ಥೈರಾಯ್ಡ್ ಮಾತ್ರೆಯ ಡೋಸ್ ಏರಿಸುವ ಮುಂಚೆ, ಕಬ್ಬಿಣದ ಜೊತೆಗೇ ನುಂಗುತ್ತಿದ್ದ ವಿಷಯ ಡಾಕ್ಟರಿಗೆ ತಪ್ಪದೆ ಹೇಳಿ. ಬೇರೆ ಬೇರೆ ಹೊತ್ತಿಗೆ ತಗೊಂಡರೆ ಹಳೇ ಡೋಸೇ ಸಾಕಾಗಬಹುದು. ಆರೆಂಟು ವಾರ ಬಿಟ್ಟು ಮತ್ತೆ ನೋಡ್ತಾರೆ.

ಮಲೆನಾಡ_ಮಳೆ:

ಗರ್ಭಕೋಶ ತೆಗೆಸೋದಕ್ಕೆ ಅವಸರ ಬೇಡ ತಂಗಿ. ಅದು ದೊಡ್ಡ ಆಪರೇಷನ್. ಕಲಬುರಗಿ ಕಡೆ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಂಗಸರಿಗೂ ಬೇಕಿಲ್ಲದೇ ಗರ್ಭಕೋಶ ತೆಗೆದದ್ದು 2015ರ ಸುಮಾರಿಗೆ ಎಷ್ಟು ದೊಡ್ಡ ಸುದ್ದಿ ಆಗಿತ್ತು, ನೆನಪಿದೆಯಾ. ಒಳಕ್ಕೆ ಚಾಚಿರುವ ಸಣ್ಣ ಫೈಬ್ರಾಯ್ಡನ್ನು ಕೆಳಗಿನಿಂದಲೇ ಕ್ಯಾಮೆರಾ ಹಾಕಿ ತೆಗೆಯಬಹುದು, ಹೊಟ್ಟೆ ಕುಯ್ಯೋದೇ ಬೇಡ, ನನಗೆ ಹಾಗೇ ಮಾಡಿದ್ದು. ಕೆಲವರಿಗೆ ಹಾರ್ಮೋನ್ ಇರುವ ವಂಕಿ ಹಾಕ್ತಾರೆ, ಐದು ವರ್ಷದವರೆಗೂ ಸ್ರಾವ ಹತೋಟಿಯಲ್ಲಿ ಇರುತ್ತೆ. ಆದರೆ ಫೈಬ್ರಾಯ್ಡ್ ಒಳಗೆ ಚಾಚಿದ್ದರೆ ವಂಕಿ ಜಾರಿಬರಬಹುದು, ಯಾವುದು ನಿಮ್ಮಮ್ಮನಿಗೆ ಆಗುತ್ತೆ ಅಂತ ಡಾಕ್ಟರಮ್ಮನನ್ನೇ ಕೇಳಿ. ಬೇರೆ ದಾರಿ ಇಲ್ಲ ಅಂದಾಗ ತೆಗೆಸೋದು ಇದ್ದೇ ಇದೆ. ಚಿಕ್ಕಮ್ಮ ಹೇಳಿದರು ಅಂತ ಮಾತ್ರ ಬೇಡ.

ಕೆಂಪುಕಣ:

ಒಂದು ಲ್ಯಾಬ್ ವಿಷಯ. ಡ್ರಿಪ್ ಆದ ಮುಂದಿನ ವಾರವೇ ಹೋಗಿ ಫೆರಿಟಿನ್ ಮಾಡಿಸಬೇಡಿ, ಐನೂರೋ ಎಂಟುನೂರೋ ಬಂದು ಮತ್ತೆ ಗಾಬರಿ ಬೀಳ್ತೀರಿ, ದುಡ್ಡೂ ದಂಡ. ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ನೋಡಿ, ಫೆರಿಟಿನ್ ಎರಡು ತಿಂಗಳಿಗೆ ಸಾಕು. ಎರಡಕ್ಕೂ ಖಾಲಿ ಹೊಟ್ಟೆ ಬೇಕಿಲ್ಲ, ಅಮ್ಮನಿಗೆ ತಿಂಡಿ ತಿನ್ನಿಸಿಯೇ ಕರಕೊಂಡು ಹೋಗಿ. ಸಾಧ್ಯವಾದರೆ ಅದೇ ಲ್ಯಾಬಿಗೆ ಹೋಗಿ, ಮೆಷಿನ್ ಬದಲಾದರೆ ಅರ್ಧ ಗ್ರಾಂ ಹೆಚ್ಚುಕಮ್ಮಿ ಬರುತ್ತೆ, ಏರಿತಾ ಇಳೀತಾ ಅಂತ ಗೊತ್ತಾಗಲ್ಲ.

ತಿಪಟೂರು_ಹುಡುಗಿ:

ಸರಿ ಸಾರ್, ಹಾಗೇ ಮಾಡ್ತೇವೆ. ಬಯಾಪ್ಸಿಗೆ ಮುಂದಿನ ವಾರ ದಿನ ಕೊಟ್ಟಿದ್ದಾರೆ, ನಾನು ರಜೆ ಹಾಕಿದ್ದೇನೆ. ಚಿಕ್ಕಮ್ಮನಿಗೆ ಈ ಮಾತುಗಳನ್ನೆಲ್ಲ ಓದಿ ಹೇಳಿದೆ, ಮುಖ ಊದಿಸಿಕೊಂಡಿದ್ದಾರೆ. ಕಬ್ಬಿಣದ ಮಾತ್ರೆ ಡ್ರಿಪ್ ಆದ ಮೇಲೂ ಬೇಕಾ ಅಂತ ಕೇಳೋದು ಮರೆತೆ.

ರಾತ್ರಿಪಾಳಿ:

ಡ್ರಿಪ್ಪಲ್ಲಿ ಲೆಕ್ಕದಷ್ಟು ಪೂರ್ತಿ ಹೋಗಿದ್ದರೆ ಸದ್ಯಕ್ಕೆ ಬೇಡ. ಬರೀ 1000 ಹೋಗಿದ್ದರೆ ಇನ್ನೂ ನಾನೂರು ಚಿಲ್ಲರೆ ಬಾಕಿ ಇದೆ, ಅದಕ್ಕೆ ಇನ್ನೊಂದು ಡ್ರಿಪ್ಪೋ ಮಾತ್ರೆಯೋ ಅಂತ ಅವರೇ ಹೇಳ್ತಾರೆ. ಡಿಸ್‌ಚಾರ್ಜ್ ಚೀಟಿಯಲ್ಲಿ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತಾರೆ, ನೋಡಿ. ಮಾತ್ರೆ ಅಂದರೆ, ಹಿಮೋಗ್ಲೋಬಿನ್ 12 ಮುಟ್ಟಿದ ದಿನವೇ ನಿಲ್ಲಿಸಬೇಡಿ, ಕಣಜ ತುಂಬೋಕೆ ಅಲ್ಲಿಂದ ಮುಂದೆ ಇನ್ನೂ ಮೂರು ತಿಂಗಳು ಬೇಕು.